ಏಳನೇ ವಿಷಯಕ್ಕೆ ಎದ್ದು ಹೋದವನು

"ಏನ್ರೀ, ಆಗಿನಿಂದ ನೋಡ್ತಿದ್ದೀನಿ. ನನ್ನ ಅಂಗಡಿ ಎದುರಿಗೆ ನಿಂತ್ಕೊಂಡು ಟಿಕ್ ಟಿಕ್ ಅಂತ ಏನ್ ಮಾಡ್ತಿದ್ದೀರಾ?"

ಬಾಗಿಲು ತೆಗೆದು ಬೀದಿಗೆ ಬಂದವಳೇ ಹೆಸ್ಟರ್ ಡೆಂಟ್ ದಬಾಯಿಸಿದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು, ಕೈಯಲ್ಲಿ ಯಾರದೋ ಅರ್ಧ ಹೊಲಿಗೆ ಬಿಚ್ಚಿದ ಪ್ಯಾಂಟು.

ಎದುರಿನ ದೀಪದ ಕಂಬಕ್ಕೆ ಒರಗಿ ನಿಂತಿದ್ದವನು ಅವಳನ್ನು ನೋಡಿದ. ನೋಡಿ, ಅಂಗೈಯಲ್ಲಿದ್ದ ಪುಟ್ಟ ಉಕ್ಕಿನ ಯಂತ್ರವನ್ನು ಇನ್ನೊಮ್ಮೆ ಒತ್ತಿದ. ಟಿಕ್.

"ಈಗ ಯಾಕೆ ಒತ್ತಿದ್ರಿ?"

"ನೀವು ಹೊರಗೆ ಬಂದ್ರಲ್ಲ, ಅದಕ್ಕೆ."

"ಅಂದ್ರೆ ನನ್ನನ್ನ ಎಣಿಸ್ತಿದ್ದೀರಾ?"

"ಎಲ್ಲರನ್ನೂ ಎಣಿಸ್ತೀನಿ. ನಿಮ್ಮನ್ನ ಮಾತ್ರ ಇದು ಮೂರನೇ ಸಲ. ಮೊದಲು ಕಸ ಹಾಕೋಕೆ ಬಂದ್ರಿ, ಆಮೇಲೆ ಬೋರ್ಡು ಒಳಗೆ ತಗೊಂಡ್ರಿ, ಈಗ ಬೈಯೋಕೆ ಬಂದ್ರಿ."

ಹೆಸ್ಟರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಗಬೇಕೋ ಪೊಲೀಸರನ್ನು ಕರೆಯಬೇಕೋ?

ಅಷ್ಟರಲ್ಲಿ ಅವನು ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿ ಎತ್ತಿ ತೋರಿಸಿದ. ಎಲ್ಲಿಸ್ ಗಾರ್ಸೈಡ್, ಪೇಟೆ ಅಧಿಕಾರಿ, ಸ್ಕೆಲ್ಬೆಕ್ ಕೌನ್ಸಿಲ್.

"ಐದೂವರೆ ಆದ ಮೇಲೆ ಟೆಂಟರ್ ಲೇನ್‌ನಲ್ಲಿ ಎಷ್ಟು ಜನ ಓಡಾಡ್ತಾರೆ ಅಂತ ಕೌನ್ಸಿಲ್‌ಗೆ ತಿಳೀಬೇಕು," ಎಂದ.

"ಯಾರೂ ಓಡಾಡಲ್ಲ. ಅದಕ್ಕೆ ಯಂತ್ರ ಬೇರೆ ಬೇಕಾ? ನನ್ನನ್ನ ಕೇಳಿದ್ರೆ ಸಾಕಿತ್ತು."

"ಕೇಳ್ತಿದ್ದೀನಲ್ಲ, ಈಗ. ಯಾಕೆ ಓಡಾಡಲ್ಲ?"

ಇಷ್ಟು ವರ್ಷದಲ್ಲಿ ಕೌನ್ಸಿಲ್‌ನವರು ಯಾರೂ ಅವಳನ್ನು ಕೇಳದ ಪ್ರಶ್ನೆ ಅದು. ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು.

"ಐದೂವರೆಗೆ ಶೌಚಾಲಯಕ್ಕೆ ಬೀಗ. ಆರೂ ಹತ್ತಕ್ಕೆ ಕೊನೇ ಬಸ್ಸು. ನೀವು ಒರಗಿಕೊಂಡಿದ್ದೀರಲ್ಲ ಆ ದೀಪ, ಅದು ಉರಿದು ಎರಡು ವರ್ಷ ಆಯ್ತು. ಲೀಡ್ಸ್‌ಗೆ ಕೆಲಸಕ್ಕೆ ಹೋಗೋರು ವಾಪಸ್ ಬರೋ ಹೊತ್ತಿಗೆ ನಾವೆಲ್ಲ ಬಾಗಿಲು ಹಾಕಿರ್ತೀವಿ. ಅವರ ಪ್ಯಾಂಟು ಗಿಡ್ಡ ಮಾಡಿಸೋಕೆ ಅವರು ರಜಾ ಹಾಕ್ಬೇಕಾ?"

ಅವನು ಯಂತ್ರವನ್ನು ಜೇಬಿಗೆ ಹಾಕಿ ಪುಸ್ತಕ ತೆಗೆಯಲು ಹೋದ. ಯಂತ್ರ ಸೀದಾ ಕಲ್ಲಿನ ಮೇಲೆ ಬಿತ್ತು. ಜೇಬಿಗೆ ತಳವೇ ಇರಲಿಲ್ಲ.

"ಕೋಟು ಕೊಡಿ ಇಲ್ಲಿ," ಎಂದಳು ಹೆಸ್ಟರ್. ಹರಿದ ಬಟ್ಟೆ ಕಂಡರೆ ಅವಳ ಕೋಪ ಇಳಿದುಹೋಗುತ್ತಿತ್ತು, ಅದು ಅವಳ ಹುಟ್ಟುಗುಣ. "ಎರಡು ನಿಮಿಷದ ಕೆಲಸ. ದುಡ್ಡು ಬೇಡ."

"ಬೇಡ ಅನ್ನೋ ಹಾಗಿಲ್ಲ. ಕೌನ್ಸಿಲ್‌ನವರು ಯಾರಿಂದಾದ್ರೂ ಏನಾದ್ರೂ ಸುಮ್ಮನೆ ತಗೊಂಡ್ರೆ ಸತ್ಕಾರದ ಪುಸ್ತಕದಲ್ಲಿ ಬರೀಬೇಕು."

"ಒಂದು ಜೇಬಿಗೂ ಪುಸ್ತಕನಾ?"

"ಒಂದು ಬಿಸ್ಕತ್ತಿಗೂ."

ಅವನು ದುಡ್ಡು ಕೊಟ್ಟೇ ಕೋಟು ಹಾಕಿಕೊಂಡ. ಹೆಸ್ಟರ್ ಒಳಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕುಳಿತಳು. ಆಗಾಗ ತಲೆಯೆತ್ತಿದರೆ ಆ ಮನುಷ್ಯ ಅಂಗಡಿಯ ಕಡೆಗೇ ನೋಡುತ್ತಿದ್ದ. ನನ್ನ ಕಿಟಕಿ ಅಷ್ಟು ಕೊಳಕಾಗಿದೆಯಾ… ಎಂದು ಅವಳಿಗೆ ಮುಜುಗರವಾಯಿತು.

ಆರೂವರೆಗೆ ಅವನು ಬಾಗಿಲಲ್ಲಿ ನಿಂತು ಯಂತ್ರ ತೋರಿಸಿದ. ಹದಿನಾಲ್ಕು.

"ಇದರಲ್ಲಿ ಮೂರು ನೀವೇ," ಎಂದು ಹೇಳಿ ಹೋದ.

ಮರುದಿನ ಬೆಳಿಗ್ಗೆ ಹೆಸ್ಟರ್ ಕಿಟಕಿಯನ್ನು ಒಳಗೂ ಹೊರಗೂ ಉಜ್ಜಿ ತೊಳೆದಳು. ಪಕ್ಕದ ಕಬ್ಬಿಣ ಸಾಮಾನಿನ ಅಂಗಡಿಯ ವಿನ್ನಿ ಟಾರ್ಡಾಫ್ ಅದನ್ನು ನೋಡಿ ಏನೂ ಹೇಳಲಿಲ್ಲ. ವಿನ್ನಿ ಏನೂ ಹೇಳದೆ ಇದ್ದದ್ದು ಆ ಬೀದಿಯಲ್ಲಿ ಅದೇ ಮೊದಲು.

*

ಹೆಸ್ಟರ್‌ಗೆ ಆಗ ಮೂವತ್ತನಾಲ್ಕು. ಅಂಗಡಿ ಅವಳ ಚಿಕ್ಕಮ್ಮನಿಂದ ಬಂದದ್ದು. ಅದರ ಬಾಡಿಗೆ ಕರಾರು ನವೆಂಬರ್ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಇನ್ನೈದು ವರ್ಷಕ್ಕೆ ಸಹಿ ಹಾಕಬೇಕು. ಇಲ್ಲದಿದ್ದರೆ ಬೀಗ ಹಾಕಿ ಶೆಫೀಲ್ಡ್‌ಗೆ ಹೋಗಿ, ಅಕ್ಕ ಕೆಲಸ ಮಾಡುವ ಕಾರ್ಖಾನೆಯಲ್ಲಿ ದಿನವಿಡೀ ಒಂದೇ ಥರದ ಸಮವಸ್ತ್ರ ಹೊಲಿಯಬೇಕು.

ಹಗಲಿನ ವ್ಯಾಪಾರವನ್ನೇ ನಂಬಿ ಸಹಿ ಹಾಕುವ ಧೈರ್ಯ ಅವಳಿಗಿರಲಿಲ್ಲ. ಸಂಜೆ ಬೀದಿ ತೆರೆದರೆ ಉಳಿಯುತ್ತಾಳೆ, ತೆರೆಯದಿದ್ದರೆ ಹೋಗುತ್ತಾಳೆ. ಅಷ್ಟೇ ವಿಷಯ.

ಎಲ್ಲಿಸ್ ಮುಂದಿನ ಗುರುವಾರವೂ ಬಂದ. ಅದರ ಮುಂದಿನ ಗುರುವಾರವೂ ಬಂದ.

ಶೌಚಾಲಯದ ಬೀಗ ಯಾರ ಕೈಯಲ್ಲಿದೆ ಎಂದು ಹುಡುಕಿ ಹಿಡಿದವನು ಅವನೇ. ಕೌನ್ಸಿಲ್‌ನ ಮೂರು ವಿಭಾಗಗಳು, ನಮ್ಮದಲ್ಲ ನಿಮ್ಮದು ಎಂದು ಒಂಬತ್ತು ವರ್ಷದಿಂದ ಕಾಗದ ಬರೆದಾಡುತ್ತಿದ್ದವು. ಅಷ್ಟೂ ಕಾಲ ದಿನಾ ಬೀಗ ಹಾಕುತ್ತಿದ್ದವನು ನಿವೃತ್ತನಾದ ಒಬ್ಬ ಮಾಲಿ, ಸುಮ್ಮನೆ ಅಭ್ಯಾಸಬಲದಿಂದ. ಬಸ್ಸಿನವರ ಹತ್ತಿರ ಎಲ್ಲಿಸ್ ನಾಲ್ಕು ಸಲ ಹೋಗಿ ಕುಳಿತ. ಗುರುವಾರ ಮಾತ್ರ ಇನ್ನೂ ಮೂರು ಬಸ್ಸು, ಕೊನೆಯದು ಎಂಟೂ ಹತ್ತಕ್ಕೆ, ಎಂದು ಒಪ್ಪಿಸಿಯೂ ಬಂದ. ಐದರ ನಂತರ ಕಾರು ನಿಲ್ಲಿಸಲು ದುಡ್ಡು ಕೇಳಬಾರದು ಎಂದೂ ತನ್ನ ಯೋಜನೆಯಲ್ಲಿ ಬರೆದ.

"ಇದೆಲ್ಲ ಕಾಗದದ ಮೇಲೆ ಬರಲಿ," ಎಂದ ಅವಳಿಗೆ. "ಬೀದಿಯ ಹನ್ನೆರಡು ಅಂಗಡಿಯೂ ಸೇರಿ ಒಂದು ಅರ್ಜಿ ಹಾಕಿ. ಗುರುವಾರ ಎಂಟರ ತನಕ ತೆರೆದಿರ್ತೀವಿ, ಕೌನ್ಸಿಲ್ ಇಷ್ಟು ಮಾಡಿಕೊಡಲಿ ಅಂತ. ಮೊದಲ ಸಹಿ ನಿಮ್ಮದಿರಲಿ."

"ಸಭೆ ಯಾವಾಗ?"

"ಮಂಗಳವಾರ ಮಧ್ಯಾಹ್ನ ಎರಡಕ್ಕೆ."

ಹೆಸ್ಟರ್ ಕತ್ತರಿ ಕೆಳಗಿಟ್ಟಳು. "ಸಂಜೆ ಅಂಗಡಿ ತೆರೆಯೋ ವಿಷಯ ಮಾತಾಡೋಕೆ, ನಾವು ಹಗಲು ಅಂಗಡಿ ಮುಚ್ಚಿ ಬರಬೇಕಾ?"

ಅವನು ಬಹಳ ಹೊತ್ತು ನಕ್ಕ. ಆಮೇಲೆ ಯಾರ್‍ಯಾರ ಹಿಂದೆ ಬಿದ್ದನೋ, ಸಭೆಯನ್ನು ಸಂಜೆ ಆರಕ್ಕೆ ಹಾಕಿಸಿಯೇ ಬಿಟ್ಟ. ಸ್ಕೆಲ್ಬೆಕ್‌ನ ಚರಿತ್ರೆಯಲ್ಲೇ ಆ ಸಮಿತಿ ಕತ್ತಲಾದ ಮೇಲೆ ಸೇರಿದ್ದಿಲ್ಲ. ಹಿರಿಯ ಸದಸ್ಯರೊಬ್ಬರು ತಮ್ಮ ನಾಯಿಗೆ ಊಟ ಹಾಕುವವರು ಯಾರು ಎಂದು ಕಾಗದ ಬರೆದು ಕೇಳಿದರಂತೆ.

"ಸಭೆ ದಿನ ನೀವಿರ್ತೀರಲ್ಲ?" ಎಂದು ಹೆಸ್ಟರ್ ಕೇಳಿದ್ದಳು.

"ಇರ್ತೀನಿ. ಈ ಯೋಜನೆ ನಡೆಯುತ್ತೆ ಅಂತ ನನಗೆ ಪೂರ್ತಿ ನಂಬಿಕೆ ಇದೆ."

ಆ ಒಂದು ಮಾತನ್ನು ನಂಬಿ ಅವಳು ಕರಾರು ಪತ್ರವನ್ನು ಮೇಜಿನ ಖಾನೆಯಿಂದ ತೆಗೆದು ಹೊರಗಿಟ್ಟಳು.

*

ಅಕ್ಟೋಬರ್ ಒಂಬತ್ತು. ಆ ದಿನವನ್ನು ಹೆಸ್ಟರ್ ಆಮೇಲೆ ಎಷ್ಟು ಸಲ ನೆನೆದಳೋ ಲೆಕ್ಕವಿಲ್ಲ.

ದೀಪ ರಿಪೇರಿಯವರು ಮಧ್ಯಾಹ್ನ ಬಂದು ಹೋಗಿದ್ದರು. ಹತ್ತುತ್ತದೋ ಇಲ್ಲವೋ ನೋಡಿಯೇ ಬಿಡೋಣ ಎಂದು ಎಲ್ಲಿಸ್ ಮತ್ತು ಅವಳು ಬೀದಿಯ ಬೆಂಚಿನ ಮೇಲೆ ಕುಳಿತರು. ಹೆಸ್ಟರ್ ಮೂಲೆಯ ಅಂಗಡಿಯಿಂದ ಒಂದು ಪೊಟ್ಟಣ ಚಿಪ್ಸ್ ತಂದಿದ್ದಳು, ಆಗತಾನೇ ಕರಿದ ಆಲೂಗಡ್ಡೆ, ಬಿಸಿಬಿಸಿ, ಮೇಲೆ ವಿನೆಗರ್. ಎರಡು ಮರದ ಫೋರ್ಕು.

"ತಗೊಳ್ಳಿ. ಯಾರೂ ನೋಡ್ತಿಲ್ಲ."

ಎಲ್ಲಿಸ್ ಒಂದು ಗಳಿಗೆ ಯೋಚಿಸಿದ. ಆಮೇಲೆ ತೆಗೆದುಕೊಂಡ. ಸರಿಯಾಗಿ ಅರ್ಧ ತಿಂದ.

ಆರೂವರೆಗೆ ದೀಪ ಮಿಣುಕಿತು… ಆರಿತು… ಮತ್ತೆ ಹತ್ತಿ ಹಾಗೇ ನಿಂತಿತು.

"ಹತ್ತಿತು!" ಎಂದಳು ಹೆಸ್ಟರ್, ಮತ್ತು ತನಗೇ ಗೊತ್ತಿಲ್ಲದೆ ಅವನ ಕೈ ಹಿಡಿದಳು.

ಅವನು ಕೈ ಬಿಡಿಸಿಕೊಳ್ಳಲಿಲ್ಲ. ಅವನ ಬೆರಳುಗಳು ಬೆಚ್ಚಗಿದ್ದವು, ವಿನೆಗರಿನ ವಾಸನೆ ಬರುತ್ತಿತ್ತು.

"ಹೆಸ್ಟರ್… ನಾನು ನಿಮಗೆ ಒಂದು ಮಾತು…"

"ಹೇಳಿ."

ಅವನು ದೀಪ ನೋಡಿದ, ಅವಳನ್ನು ನೋಡಿದ, ತನ್ನ ಕೊರಳಲ್ಲಿದ್ದ ಗುರುತಿನ ಚೀಟಿ ನೋಡಿದ. ಮುಖ ಬಾಡಿಹೋಯಿತು.

"ಇಲ್ಲ. ಈಗ ಹೇಳಿದ್ರೆ ತಪ್ಪಾಗುತ್ತೆ," ಎಂದು ಎದ್ದು, ಬಿರಬಿರನೆ ಹೊರಟೇ ಹೋದ.

ಕೈಯಲ್ಲಿ ಅರ್ಧ ಪೊಟ್ಟಣ ಚಿಪ್ಸ್ ಹಿಡಿದು ಹೆಸ್ಟರ್ ಅಲ್ಲೇ ಕುಳಿತಿದ್ದಳು. ಏನಾಯಿತು ಈಗ? ನಾನು ಕೈ ಹಿಡಿದದ್ದು ತಪ್ಪಾಯಿತೇ? ಮದುವೆಯಾದವನೇ? ಹಾಗಿದ್ದರೆ ವಿನ್ನಿ ಆಂಟಿಗೆ ಗೊತ್ತಿರುತ್ತಿತ್ತಲ್ಲ…

ಸೋಮವಾರ ಒಂದು ಕಾಗದ ಬಂತು.

"ಪ್ರಿಯ ಮಿಸ್ ಡೆಂಟ್ ಅವರೇ, ಇನ್ನು ಮುಂದೆ ತಮ್ಮ ಅರ್ಜಿಯ ಕುರಿತು ನಮ್ಮ ಕಚೇರಿಯ ಶ್ರೀಮತಿ ಮೊಯ್ರಾ ಕ್ಲೆಗ್ ಅವರನ್ನು ಸಂಪರ್ಕಿಸಬೇಕಾಗಿ ಕೋರಿಕೆ. ವಂದನೆಗಳೊಂದಿಗೆ, ಇ. ಗಾರ್ಸೈಡ್."

ಮಿಸ್ ಡೆಂಟ್! ಅವಳು ಕಾಗದವನ್ನು ತಿರುಗಿಸಿ ಹಿಂಭಾಗವನ್ನೂ ನೋಡಿದಳು. ಹಿಂದೆ ಏನೂ ಇರಲಿಲ್ಲ.

ಗುರುವಾರ ಅವನು ಬರಲಿಲ್ಲ. ಹೆಸ್ಟರ್ ಮಾಂಸದ ಪೈ ಮಾಡಿ ಅವನಿಗೆಂದು ಕೌನ್ಸಿಲ್ ಕಚೇರಿಯಲ್ಲಿ ಕೊಟ್ಟು ಬಂದಳು. ಮರುದಿನವೇ ಅದು ಬಟ್ಟೆ ಸಮೇತ ವಾಪಸ್ ಬಂತು.

"ವಾಸನೆ ನೋಡಿ ಕಣ್ಣು ಮುಚ್ಕೊಂಡ ಕಣಮ್ಮ," ಎಂದ ತಂದುಕೊಟ್ಟ ಕಚೇರಿಯವನು. "ಆದ್ರೆ ಮುಟ್ಟಲಿಲ್ಲ. ತಗೊಳ್ಳೋ ಹಾಗಿಲ್ವಂತೆ, ಅದರಲ್ಲೂ ನಿಮ್ಮಿಂದ ಅಂತೂ ಇಲ್ವೇ ಇಲ್ವಂತೆ."

ಅದರಲ್ಲೂ ನನ್ನಿಂದ…? ಹೆಸ್ಟರ್‌ಳ ಕಣ್ಣು ತುಂಬಿತು.

ಪೈಯನ್ನು ವಿನ್ನಿ ತಿಂದಳು. ಎಪ್ಪತ್ತು ದಾಟಿದ ವಿನ್ನಿಗೆ ಯಾರ ಸಂಕಟವೂ ಹಸಿವನ್ನು ಕೆಡಿಸುತ್ತಿರಲಿಲ್ಲ.

"ಚೆನ್ನಾಗಿದೆ ಮಗಳೇ. ಉಪ್ಪು ಒಂಚೂರು ಜಾಸ್ತಿ. ಅತ್ತಿದ್ದೀಯಾ?"

"ಇಲ್ಲ ಆಂಟಿ."

"ಗಂಡಸರು ಹೀಗೇನೆ. ನನ್ನ ಗಂಡ ಮದುವೆಗೆ ಮುಂಚೆ ಆರು ತಿಂಗಳು ನನ್ನ ಜತೆ ಬರೀ ಮೊಳೆ ವಿಷಯ ಮಾತಾಡಿದ. ಇವನು ಏನು ಮಾತಾಡ್ತಾನೆ?"

"ಏನೂ ಮಾತಾಡಲ್ಲ. ನನಗೆ ಒಂದೂ ಅರ್ಥ ಆಗ್ತಿಲ್ಲ ಆಂಟಿ. ಮುನಿಸಾ, ಬೇಜಾರಾ, ನಾಚಿಕೆನಾ… ಯಾವುದು ಅಂತ ಗೊತ್ತಾದ್ರೂ ಸಾಕಿತ್ತು."

"ಸಭೆಗೆ ಬರ್ತೀನಿ ಅಂದಿದ್ದಾನಲ್ಲ. ಅಲ್ಲಿ ಮುಖ ನೋಡು, ಗೊತ್ತಾಗುತ್ತೆ."

*

ನವೆಂಬರ್ ಹನ್ನೊಂದು, ಮಂಗಳವಾರ, ಸಂಜೆ ಐದು ಐವತ್ತು. ಟೆಂಟರ್ ಲೇನ್‌ನ ಹನ್ನೆರಡು ಅಂಗಡಿಯವರೂ ಒಳ್ಳೆ ಬಟ್ಟೆ ಹಾಕಿಕೊಂಡು ಟೌನ್ ಹಾಲ್‌ನ ಮೆಟ್ಟಿಲ ಮೇಲೆ ನಿಂತಿದ್ದರು.

ಬಾಗಿಲು ಹಾಕಿತ್ತು.

ವಿನ್ನಿ ತಳ್ಳಿದಳು. ಕಟುಕನ ಅಂಗಡಿಯವನು ಭುಜ ಕೊಟ್ಟು ತಳ್ಳಿದ. ಬಾಗಿಲು ಅಲುಗಲಿಲ್ಲ.

ಆದದ್ದಿಷ್ಟು. ಸಭೆಯನ್ನು ಸಂಜೆಗೆ ಹಾಕುವುದು ಎಲ್ಲರಿಗೂ ನೆನಪಿತ್ತು, ಬಾಗಿಲಿಗೆ ಹೇಳುವುದು ಯಾರಿಗೂ ನೆನಪಿರಲಿಲ್ಲ. ಆ ಬಾಗಿಲು ಐದೂವರೆ ಹೊಡೆದರೆ ತಾನಾಗಿ ಬೀಗ ಬೀಳುವಂಥದ್ದು. ಸದಸ್ಯರೆಲ್ಲ ಐದಕ್ಕೇ ಒಳಗೆ ಸೇರಿ ಮಹಡಿಯಲ್ಲಿ ಚಹಾ ಕುಡಿಯುತ್ತಿದ್ದರು. ಸಭೆಯ ಕೋಣೆ ಇದ್ದದ್ದು ಕಟ್ಟಡದ ಹಿಂಬದಿಗೆ. ಹನ್ನೆರಡು ಜನ ಬಾಗಿಲು ಬಡಿದದ್ದು ಅಲ್ಲಿಗೆ ಕೇಳಲೇ ಇಲ್ಲ.

"ಸಂಜೆ ಊರು ತೆರೆಸ್ತಾರಂತೆ ಇವರು," ಎಂದಳು ವಿನ್ನಿ. "ಮೊದಲು ತಮ್ಮ ಮನೆ ಬಾಗಿಲು ತೆಗೀಲಿ."

ಆರೂ ಇಪ್ಪತ್ತೈದಕ್ಕೆ ಕಸ ಹಾಕಲು ಹಿಂಬಾಗಿಲಿಂದ ಹೊರಬಂದ ಕೆಲಸದವಳು ಇವರನ್ನು ನೋಡಿ ಹೌಹಾರಿದಳು. ಕಸದ ಡಬ್ಬಿಗಳ ನಡುವೆ ಸಾಲಾಗಿ ನುಗ್ಗಿ, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಅವರು ಕೋಣೆಗೆ ಕಾಲಿಡುವುದಕ್ಕೂ, ಅಧ್ಯಕ್ಷೆ ಮಿಸೆಸ್ ಓಲ್ಡ್‌ರಾಯ್ಡ್ ಬಾಯಿ ತೆರೆಯುವುದಕ್ಕೂ ಸರಿಹೋಯಿತು.

"ಏಳನೇ ವಿಷಯ. ಟೆಂಟರ್ ಲೇನ್, ಗುರುವಾರದ ಸಂಜೆ."

ಹೆಸ್ಟರ್‌ಳ ಕಣ್ಣು ಹುಡುಕಿದ್ದು ಒಬ್ಬನನ್ನೇ. ಇದ್ದ. ಮೇಜಿನ ತುದಿಯಲ್ಲಿ, ಅವಳೇ ಹೊಲಿದ ಜೇಬಿನ ಅದೇ ಕೋಟು. ಅಬ್ಬ, ಮಾತು ಉಳಿಸಿಕೊಂಡ…

ಆದರೆ ಎಲ್ಲಿಸ್ ಕಾಗದಗಳನ್ನು ಒಟ್ಟುಗೂಡಿಸಿದ. ಎದ್ದು ನಿಂತ. ತಲೆ ತಗ್ಗಿಸಿಕೊಂಡೇ, ಯಾರ ಮುಖವನ್ನೂ ನೋಡದೆ, ಪಕ್ಕದ ಬಾಗಿಲಿಂದ ಹೊರಗೆ ನಡೆದುಬಿಟ್ಟ.

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಹೆಸ್ಟರ್ ಆ ಬಾಗಿಲನ್ನೇ ನೋಡಿದಳು. ಹೋದನೇ? ತನ್ನದೇ ಯೋಜನೆ ಬಂದಾಗ ಎದ್ದು ಹೋದನೇ? ಹಾಗಾದರೆ ಪೂರ್ತಿ ನಂಬಿಕೆ ಇದೆ ಎಂದದ್ದು…?

ಮೊಯ್ರಾ ಕ್ಲೆಗ್ ಯೋಜನೆಯನ್ನು ಗಂಟಲು ಸರಿಮಾಡಿಕೊಳ್ಳುತ್ತ ಓದಿದಳು. ನಾಯಿಯ ಊಟದ ಚಿಂತೆಯ ಹಿರಿಯ ಸದಸ್ಯರು ಕೈ ಎತ್ತಿದರು.

"ಮೊದಲ ದಿನದ ಎಣಿಕೆ ಬರೀ ಹದಿನಾಲ್ಕು ಅಂತ ಇದೆಯಲ್ಲ? ಹದಿನಾಲ್ಕು ಜನಕ್ಕೆ ಬಸ್ಸು ಬಿಡಬೇಕಾ?"

"ಆ ಸಂಖ್ಯೆಯನ್ನ ನಾವು ಗಣನೆಗೆ ತಗೊಳ್ಳೋದಿಲ್ಲ ಅಂತ ಆಗಲೇ ತೀರ್ಮಾನ ಆಯ್ತು," ಎಂದರು ಅಧ್ಯಕ್ಷೆ. "ಕಾರಣ ನಿಮಗೂ ಗೊತ್ತು." ಹೇಳುವಾಗ ಅವರ ತುಟಿಯಂಚಿನಲ್ಲಿ ನಗು ಇತ್ತು. ಯಾರೋ ಕೆಮ್ಮಿದರು. ಇನ್ಯಾರೋ ಹೆಸ್ಟರ್‌ಳ ಕಡೆ ತಿರುಗಿ ನೋಡಿ, ತಟ್ಟನೆ ಕಾಗದದಲ್ಲಿ ಮುಖ ಹುದುಗಿಸಿಕೊಂಡರು.

ಯಾಕೆ ಎಲ್ಲರೂ ನನ್ನನ್ನು ಹೀಗೆ ನೋಡುತ್ತಿದ್ದಾರೆ? ನನ್ನ ಲಂಗ ಹಿಂದುಮುಂದಾಗಿದೆಯೇ?

ಅವಳಿಗೆ ಮಾತಾಡಲು ಮೂರು ನಿಮಿಷ ಕೊಟ್ಟರು. ಬರೆದು ತಂದಿದ್ದ ಚೀಟಿ ಕೈಯಲ್ಲಿ ಮುದ್ದೆಯಾಗಿತ್ತು.

"ನಾನು ಹೆಚ್ಚೇನೂ ಹೇಳಲ್ಲ," ಎಂದಳು. "ಸಂಜೆ ಅಂಗಡಿ ತೆಗೀರಿ ಅಂತ ನಮಗೆ ಹೇಳೋದು ಸುಲಭ. ನಾವು ತೆಗೀತೀವಿ. ಆದ್ರೆ ಬರೋರಿಗೆ ದಾರಿ ಕಾಣಬೇಕು, ವಾಪಸ್ ಹೋಗೋಕೆ ಬಸ್ಸಿರಬೇಕು, ಮುದುಕರಿಗೆ ಶೌಚಾಲಯ ತೆರೆದಿರಬೇಕು. ಅದು ನಮ್ಮ ಕೈಲಾಗಲ್ಲ, ನಿಮ್ಮ ಕೈಲಾಗುತ್ತೆ. ಈಗ ಅರ್ಧ ಗಂಟೆ ನಾವು ನಿಮ್ಮ ಬಾಗಿಲು ಬಡಿದ್ವಿ. ಮುಚ್ಚಿದ ಬಾಗಿಲ ಮುಂದೆ ನಿಂತ್ರೆ ಹೇಗಿರುತ್ತೆ ಅಂದ್ರೆ… ನಮ್ಮ ಅಗತ್ಯ ಇವರಿಗಿಲ್ಲ ಅನ್ಸುತ್ತೆ. ನಮ್ಮ ಊರಿನವರಿಗೆ ದಿನಾ ಸಂಜೆ ಹಾಗೇ ಅನ್ಸುತ್ತೆ."

ಕಡೆಯ ಮಾತನ್ನು ಅವಳು ಹೇಳಿದ್ದು ಪಕ್ಕದ ಬಾಗಿಲನ್ನು ನೋಡುತ್ತ.

ಐದು ಕೈ ಪರವಾಗಿ, ನಾಲ್ಕು ವಿರುದ್ಧ. ಗೆದ್ದರು. ಆರು ಗುರುವಾರದ ಪ್ರಯೋಗ.

ವಿನ್ನಿ ಕಟುಕನನ್ನು ತಬ್ಬಿಕೊಂಡಳು. ಹೆಸ್ಟರ್ ಯಾರಿಗೂ ಕಾಣದಂತೆ ಬಂದ ದಾರಿಯಲ್ಲೇ, ಕಸದ ಡಬ್ಬಿಗಳ ನಡುವೆ ಹಾದು ಮನೆಗೆ ಹೋದಳು.

ಗೆದ್ದದ್ದು ಗೆಲುವೆನಿಸಲಿಲ್ಲ. ಆರು ಗುರುವಾರಕ್ಕಾಗಿ ಐದು ವರ್ಷಕ್ಕೆ ಸಹಿ ಹಾಕಬೇಕೇ? ಯೋಜನೆ ಮಾಡಿದವನಿಗೇ ಅದರ ಪಕ್ಕದಲ್ಲಿ ನಿಲ್ಲಲು ಮನಸ್ಸಿಲ್ಲ ಎಂದರೆ, ಅದು ನಿಲ್ಲುವುದಿಲ್ಲವೆಂದು ಅವನಿಗೆ ಮೊದಲೇ ಗೊತ್ತಿತ್ತೇ? ಅಥವಾ ಮುಖ ನೋಡಲಾರದಷ್ಟು ನಾನೇ ಬೇಡವಾದೆನೇ? ಎರಡರಲ್ಲಿ ಯಾವುದು ಕೆಟ್ಟದ್ದು ಎಂದೂ ಅವಳಿಗೆ ತಿಳಿಯಲಿಲ್ಲ.

ಕರಾರು ಪತ್ರವನ್ನು ಮತ್ತೆ ಖಾನೆಗೆ ಹಾಕಿದಳು. ಅಕ್ಕನಿಗೆ ಫೋನ್ ಮಾಡಿ, "ಆ ಕೆಲಸ ಇನ್ನೂ ಇದೆಯಾ?" ಎಂದು ಕೇಳಿದಳು.

*

ಮೊದಲ ಗುರುವಾರ, ನವೆಂಬರ್ ಇಪ್ಪತ್ತು.

ನಾಲ್ಕಕ್ಕೇ ಕತ್ತಲು. ಆದರೆ ಬೀದಿಯಲ್ಲಿ ಹನ್ನೆರಡು ಕಿಟಕಿಯೂ ಬೆಳಗುತ್ತಿದ್ದವು. ಏಳು ಗಂಟೆಗೆ ಹೆಸ್ಟರ್‌ಳ ಅಂಗಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಆಸ್ಪತ್ರೆಯ ಪಾಳಿ ಮುಗಿಸಿ ಬಂದ ನರ್ಸು, ಶಾಲೆಯ ಕೋಟಿನ ತೋಳು ಉದ್ದ ಮಾಡಿಸಲು ಬಂದ ತಾಯಿ, ಮಗಳ ಮದುವೆಗೆ ಹಳೆಯ ಸೂಟು ಹಿಗ್ಗಿಸಬೇಕೆಂದು ಬಂದ ಮಿಸ್ಟರ್ ಪಿಕ್ಲ್ಸ್.

ಎದುರಿನ ದೀಪದ ಕೆಳಗೆ ಮೊಯ್ರಾ ಕ್ಲೆಗ್ ಎಣಿಸುವ ಯಂತ್ರ ಹಿಡಿದು ನಿಂತಿದ್ದಳು. ಎಲ್ಲಿಸ್ ಇರಲಿಲ್ಲ. ಹೆಸ್ಟರ್ ಪ್ರತಿ ಸಲ ಬಾಗಿಲು ತೆರೆದಾಗಲೂ ತಲೆಯೆತ್ತುತ್ತಿದ್ದಳು. ತನ್ನ ಮೇಲೆಯೇ ಅವಳಿಗೆ ಸಿಟ್ಟು ಬರುತ್ತಿತ್ತು. ಮಿಸ್ಟರ್ ಪಿಕ್ಲ್ಸ್‌ರನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಪ್ಯಾಂಟಿಗೆ ಸೂಜಿ ಚುಚ್ಚುತ್ತಿದ್ದಾಗ ವಿನ್ನಿ ಒಳಗೆ ನುಗ್ಗಿದಳು. ಕೈಯಲ್ಲಿ ಒಂದು ಹಾಳೆ.

"ಹೆಸ್ಟರ್! ಸಭೆಯ ನಡಾವಳಿ ಬಂದಿದೆ. ಇವತ್ತೇ ನೋಟಿಸ್ ಬೋರ್ಡಿಗೆ ಹಾಕಿದ್ದು."

ಬೇರೆಯವರು ಪೇಪರಿನಲ್ಲಿ ಸತ್ತವರ ಸುದ್ದಿ ಓದಿದ ಹಾಗೆ ವಿನ್ನಿ ಕೌನ್ಸಿಲ್‌ನ ನಡಾವಳಿ ಓದುತ್ತಿದ್ದಳು, ಒಂದಕ್ಷರ ಬಿಡದೆ.

"ಆಮೇಲೆ ಓದ್ತೀನಿ ಆಂಟಿ."

"ಈಗಲೇ ಕೇಳು. ನಾವು ಹೊರಗೆ ಬಾಗಿಲು ಬಡೀತಿದ್ದಾಗ ನಡೆದಿದ್ದು ಇದು. ಎರಡನೇ ವಿಷಯ." ವಿನ್ನಿ ಕನ್ನಡಕ ಸರಿಮಾಡಿಕೊಂಡಳು. "'ಸ್ವಂತ ಸಂಬಂಧಗಳ ಘೋಷಣೆ. ಸಭೆಯ ಮುಂದಿರುವ ಯಾವುದೇ ವಿಷಯದಲ್ಲಿ ಸ್ವಂತ ಸಂಬಂಧವಿರುವವರು ಅದನ್ನು ತಿಳಿಸಿ, ಆ ವಿಷಯ ಬಂದಾಗ ಕೋಣೆಯಿಂದ ಹೊರಗಿರತಕ್ಕದ್ದು ಎಂದು ಅಧ್ಯಕ್ಷರು ನೆನಪಿಸಿದರು. ಪೇಟೆ ಅಧಿಕಾರಿ ಶ್ರೀ ಇ. ಗಾರ್ಸೈಡ್ ಅವರು ಏಳನೇ ವಿಷಯದಲ್ಲಿ ತಮಗೆ ಸ್ವಂತ ಸಂಬಂಧವಿದೆ ಎಂದರು. ಯಾವ ಬಗೆಯ ಸಂಬಂಧವೆಂದು ಅಧ್ಯಕ್ಷರು ಕೇಳಲಾಗಿ…'"

ವಿನ್ನಿ ನಿಲ್ಲಿಸಿದಳು. ನರ್ಸು ಹತ್ತಿರ ಬಂದಳು. ಮಿಸ್ಟರ್ ಪಿಕ್ಲ್ಸ್ ಸ್ಟೂಲಿನ ಮೇಲಿಂದಲೇ ಬಗ್ಗಿದರು.

"ಕೇಳಲಾಗಿ?" ಎಂದಳು ಹೆಸ್ಟರ್.

"'…ಅರ್ಜಿದಾರರಾದ ಮಿಸ್ ಹೆಸ್ಟರ್ ಡೆಂಟ್ ಅವರನ್ನು ತಾವು ಪ್ರೀತಿಸುತ್ತಿರುವುದಾಗಿ ಶ್ರೀ ಗಾರ್ಸೈಡ್ ತಿಳಿಸಿದರು. ಇಷ್ಟು ವಿವರ ದಾಖಲಾಗಬೇಕೇ ಎಂದು ಅಧ್ಯಕ್ಷರು ಕೇಳಿದ್ದಕ್ಕೆ, ದಾಖಲಾಗಲಿ ಎಂದರು. ಮೊದಲ ದಿನದ, ಅಂದರೆ ಸೆಪ್ಟೆಂಬರ್ ಹದಿನೆಂಟರ ಎಣಿಕೆಯನ್ನು ಸಭೆ ನಂಬಬಾರದೆಂದೂ, ಆ ಸಂಜೆ ಎಣಿಸುವವರ ಗಮನ ಒಂದೇ ಅಂಗಡಿಯ ಕಿಟಕಿಯ ಮೇಲಿತ್ತೆಂದೂ ಹೇಳಿದರು. ಅಲ್ಲದೆ ಅಕ್ಟೋಬರ್ ಒಂಬತ್ತರಂದು ಅರ್ಜಿದಾರರಿಂದ ಅರ್ಧ ಪೊಟ್ಟಣ ಚಿಪ್ಸ್ ಸ್ವೀಕರಿಸಿದ್ದನ್ನು ಸತ್ಕಾರದ ಪುಸ್ತಕದಲ್ಲಿ ನಮೂದಿಸಿರುವುದಾಗಿ ತಿಳಿಸಿದರು.'"

ವಿನ್ನಿ ಹಾಳೆಯನ್ನು ಕೆಳಗಿಳಿಸಿದಳು.

ಹೆಸ್ಟರ್ ಹಾಳೆಯನ್ನು ಕಿತ್ತುಕೊಂಡು ತಾನೇ ಓದಿದಳು. ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋದವು. ಎದ್ದು ಹೋದದ್ದು ಬಿಟ್ಟು ಹೋದದ್ದಲ್ಲ… ನನಗೋಸ್ಕರ ಹೋದದ್ದು. ಒಂಬತ್ತು ದಿನ. ಒಂಬತ್ತು ದಿನದಿಂದ ಈ ಮಾತು ಹೇಳಿ ಆಗಿದೆ, ನನಗೊಬ್ಬಳಿಗೇ ಕೇಳಿಸಿಲ್ಲ!

"ಸೂಜಿ…" ಎಂದಳು ಮಿಸ್ಟರ್ ಪಿಕ್ಲ್ಸ್‌ರ ಕಡೆ ತಿರುಗಿ.

"ನೀನು ಹೋಗಮ್ಮ," ಎಂದರು ಅವರು. "ನಾನೆಲ್ಲಿಗೂ ಹೋಗಲ್ಲ. ಹೋಗೋ ಹಾಗೂ ಇಲ್ಲ."

ಅವಳು ಹೊರಗೆ ಓಡಿದಳು. ಟಿಕ್, ಎಂದಿತು ಮೊಯ್ರಾಳ ಯಂತ್ರ.

"ಎಲ್ಲಿ ಅವರು?"

ಮೊಯ್ರಾ ಬಾಯಿಬಿಡದೆ ಬೀದಿಯ ತುದಿಗೆ ಕೈ ತೋರಿಸಿದಳು. ಆಮೇಲೆ ತಡೆಯಲಾರದೆ, "ಬಸ್ ಸ್ಟಾಪಲ್ಲಿ ಕೂತಿದ್ದಾನೆ ಕಣ್ರೀ. ಆರರಿಂದ. ಆಗಲೇ ಮೂರು ಬಸ್ಸು ಬಿಟ್ಟ," ಎಂದಳು.

*

ಅವನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೈಕಟ್ಟಿ ಕುಳಿತಿದ್ದ. ಅವಳನ್ನು ಕಂಡವನೇ ಎದ್ದು ನಿಂತ.

"ಬೀದಿ ತುಂಬಿದೆಯಾ?" ಎಂದು ಕೇಳಿದ. ಕೇಳಬೇಕಾದ್ದು ಅದಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ತುಂಬಿದೆ. ಒಳಗೆ ಯಾಕೆ ಬರಲಿಲ್ಲ?"

"ನಿಮಗೆ ಕಷ್ಟ ಆಗಬಾರದು ಅಂತ. ನಾನು ಹೇಳಿದ್ದು ಕೇಳಿ ನೀವು ಏನೂ ಹೇಳಲಿಲ್ಲ. ಉತ್ತರ ಇಲ್ಲ ಅಂದ್ರೆ ಅದೇ ಉತ್ತರ ಅಂತ ಅಂದ್ಕೊಂಡೆ."

"ನಾನು ಕೇಳಲೇ ಇಲ್ಲ!"

"ಅಲ್ಲೇ ಹಿಂದಿನ ಸಾಲಲ್ಲಿ ಇದ್ರಲ್ಲ. ನಾನಂತೂ ತಲೆ ಎತ್ತಿ ನೋಡೋ ಧೈರ್ಯ ಮಾಡಲಿಲ್ಲ…"

"ನಾವು ಬಂದಿದ್ದೇ ಆರೂವರೆಗೆ. ನಿಮ್ಮ ಬಾಗಿಲಿಗೆ ಬೀಗ ಬಿದ್ದಿತ್ತು. ನಾನು ಒಳಗೆ ಕಾಲಿಟ್ಟಾಗ ನೀವು ಎದ್ದು ಹೋಗ್ತಿದ್ರಿ. ನಾನು ನೋಡಿದ್ದು ಅಷ್ಟೇ ಎಲ್ಲಿಸ್, ನಿಮ್ಮ ಬೆನ್ನು."

ಅವನು ಹಣೆ ಚಚ್ಚಿಕೊಂಡ.

"ಅಯ್ಯೋ ದೇವರೇ. ಬಾಗಿಲು," ಎಂದ. "ಸಭೆಯ ಹೊತ್ತು ಬದಲಾಯಿಸಿದ್ದು ನಾನು. ಬಾಗಿಲಿನವರಿಗೆ ಹೇಳಬೇಕಾಗಿದ್ದೂ ನಾನೇ. ಸಭೆಯಿಂದ ಎದ್ದು ಬಂದ ಮೇಲೆ ಮುಂಬಾಗಿಲ ಹತ್ತಿರ ಒಂದು ಗಂಟೆ ಕಾಯ್ತಾ ನಿಂತಿದ್ದೆ ನಿಮಗೋಸ್ಕರ."

"ನಾನು ಕಸದ ಡಬ್ಬಿ ಕಡೆಯಿಂದ ಹೋದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವಳು ಹೆಸ್ಟರ್. ನಗುತ್ತ ನಗುತ್ತಲೇ ಅತ್ತುಬಿಟ್ಟಳು.

"ಊರಿಗೆಲ್ಲ ಹೇಳೋಕೆ ಮುಂಚೆ ನನಗೆ ಹೇಳೋಕೆ ಏನಾಗಿತ್ತು?"

"ದೀಪ ಹತ್ತಿದ ದಿನ ಹೇಳಿಬಿಡ್ತಿದ್ದೆ. ಆದ್ರೆ ಅರ್ಜಿ ನನ್ನ ಮೇಜಿನ ಮೇಲಿತ್ತು. ಹೇಳಿದ್ರೆ, ಬೀದಿಗೆ ಬಸ್ಸು ಬಂದಿದ್ದು ಟೆಂಟರ್ ಲೇನ್‌ನ ಹುಡುಗಿ ಅವನಿಗೆ ಇಷ್ಟ ಅಂತ ಅನ್ನೋರು. ನಿಮ್ಮ ಹನ್ನೆರಡು ಜನರ ಕೆಲಸಕ್ಕೆ ನನ್ನ ಹೆಸರಿನ ಮಸಿ ಹತ್ತೋದು. ಅದಕ್ಕೇ ಮೊಯ್ರಾಗೆ ಕೊಟ್ಟೆ. ಅದಕ್ಕೇ ಆ ಕಾಗದ… ಅದನ್ನ ಬರೆಯೋಕೆ ನನಗೆ ಮೂರು ದಿನ ಬೇಕಾಯ್ತು."

"ಮೂರು ಸಾಲಿಗೆ?"

"'ಪ್ರಿಯ' ಅಂತ ಬರೆದು ಅಲ್ಲೇ ನಿಂತುಬಿಟ್ಟೆ. ಆಮೇಲೆ ನಿಮ್ಮ ಪೈ ಬಂತು…" ಅವನು ಕಣ್ಣು ಮುಚ್ಚಿದ. "ಆ ಪೈ ವಾಪಸ್ ಕಳಿಸಿದ್ದು ನನ್ನ ಜೀವನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ."

"ನಾನು ಶೆಫೀಲ್ಡ್‌ಗೆ ಹೋಗೋಳಿದ್ದೆ."

ಎಂಟೂ ಹತ್ತರ ಕೊನೆಯ ಬಸ್ಸು ಬಂದು ನಿಂತಿತು. ಚಾಲಕ ಬಾಗಿಲು ತೆಗೆದು ಇವರನ್ನು ನೋಡಿದ, ತಾನಾಗಿಯೇ ಮುಚ್ಚಿಕೊಂಡು ಹೊರಟುಹೋದ.

"ಯೋಜನೆ ನಿಲ್ಲಲ್ಲ ಅಂತ ಗೊತ್ತಿದ್ದೇ ಎದ್ದು ಹೋದ್ರಿ ಅಂದ್ಕೊಂಡೆ," ಎಂದಳು ಹೆಸ್ಟರ್. "ಅದಕ್ಕೇ ಕರಾರಿಗೆ ಸಹಿ ಹಾಕಲಿಲ್ಲ."

"ಆರು ವಾರದ ಮೇಲೆ ಅದು ಉಳಿಯುತ್ತೋ ಇಲ್ವೋ ನನಗೂ ಗೊತ್ತಿಲ್ಲ. ಸುಳ್ಳು ಹೇಳಲ್ಲ. ಆದ್ರೆ ಅವತ್ತು ಇದ್ದ ನಂಬಿಕೆ ಇವತ್ತೂ ಇದೆ. ಈಗ ಅದು ನನ್ನ ಮೇಜಿನ ಕೆಲಸ ಅಲ್ಲ. ಗುರುವಾರ ಸಂಜೆ ಈ ಬೀದಿಗೆ ಬಂದ್ರೆ ಎಲ್ಲರ ಹಾಗೆ ಸಾಮಾನು ತಗೊಳ್ಳೋಕೆ ಬರ್ತೀನಿ, ಅಷ್ಟೆ."

"ಅಷ್ಟೇನಾ?"

"ಅಲ್ಲ," ಎಂದ ಎಲ್ಲಿಸ್. "ಅಷ್ಟೇ ಅಲ್ಲ."

ಅವಳು ಅವನ ಕೈ ಹಿಡಿದಳು. ಈ ಸಲ ಗೊತ್ತಿದ್ದೇ ಹಿಡಿದಳು.

ಇಬ್ಬರೂ ಟೆಂಟರ್ ಲೇನ್‌ಗೆ ಕಾಲಿಟ್ಟಾಗ ದೀಪದ ಕೆಳಗೆ ಯಂತ್ರ ಎರಡು ಸಲ ಟಿಕ್ ಎಂದಿತು. ಮೊಯ್ರಾ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು. ಅಂಗಡಿಯ ಕಿಟಕಿಯಲ್ಲಿ ವಿನ್ನಿ, ನರ್ಸು, ಪ್ಯಾಂಟಿಗೆ ಸೂಜಿ ಚುಚ್ಚಿಸಿಕೊಂಡ ಮಿಸ್ಟರ್ ಪಿಕ್ಲ್ಸ್ ಮೂವರೂ ಗಾಜಿಗೆ ಮೂಗು ಒತ್ತಿ ನಿಂತಿದ್ದರು.

"ಕಿಟಕಿ ಎಷ್ಟು ಹೊಳೀತಿದೆ," ಎಂದ ಎಲ್ಲಿಸ್.

"ನೀನು ನೋಡ್ತೀಯ ಅಂತ ತೊಳೆದಿದ್ದು."

ನೀನು ಎಂದದ್ದು ಇಬ್ಬರಿಗೂ ಕೇಳಿಸಿತು. ಯಾರೂ ತಿದ್ದಲಿಲ್ಲ.

"ನಾಳೆ ಬೆಳಿಗ್ಗೆ ಸಹಿ ಹಾಕ್ತೀನಿ, ಐದು ವರ್ಷಕ್ಕೆ," ಎಂದಳು ಹೆಸ್ಟರ್, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು. "ಈಗ ಒಳಗೆ ಬಾ, ಚಹಾ ಮಾಡ್ತೀನಿ. ಪುಸ್ತಕದಲ್ಲಿ ಬರೀಬೇಕಾ?"

"ಬರೆಯೋದು ಒಳ್ಳೇದು."

"ಹಾಗಾದ್ರೆ ಒಂದೇ ಸಲ ಬರ್ಕೋ. ಇನ್ನು ಮುಂದಿನ ಗುರುವಾರಗಳನ್ನೆಲ್ಲ ಸೇರಿಸಿ."

ಎಲ್ಲಿಸ್ ನಗುತ್ತ, ಅವಳು ಹೊಲಿದುಕೊಟ್ಟ ಜೇಬಿನಲ್ಲಿ ಪೆನ್ನಿಗಾಗಿ ತಡಕಾಡಿದ.